ಯಾವುದನ್ನು ಕುಗ್ಗಿಸಬೇಕು, ಯಾವುದನ್ನು ಹಾಗೇ ಬಿಡಬೇಕು?

ಪ್ರಶ್ನೆ: ಕನ್ನಡ ಕಥೆ, ಅಡುಗೆ, ಊರಿನ ಸುದ್ದಿ ಹಾಕುವ ಒಂದು ಸಣ್ಣ ಸೈಟ್ ನಡೆಸುತ್ತೇನೆ. ಬಾಡಿಗೆಯ ಸಣ್ಣ ಸರ್ವರ್, ಅದರಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ. ಎಷ್ಟೋ ವರ್ಷದ ಹಿಂದೆ ಗೆಳೆಯರೊಬ್ಬರು ಸೆಟ್ ಮಾಡಿಕೊಟ್ಟಿದ್ದು. ಅದರ ಕಾನ್ಫಿಗ್‌ನಲ್ಲಿ ‘ಮೊಜಿಲ್ಲಾ 4 ಬಂದರೆ ಎಚ್‌ಟಿಎಂಎಲ್ ಮಾತ್ರ ಕಂಪ್ರೆಸ್ ಮಾಡು (ಕುಗ್ಗಿಸು), 4.06ರಿಂದ 4.08 ಆದರೆ ಏನನ್ನೂ ಮಾಡಬೇಡ; ಎಂಎಸ್‌ಐಇ ಆದರೆ ಈ ಎರಡೂ ನಿಯಮ ಬೇಡ’ ಎಂಬ ಅರ್ಥದ ಸಾಲುಗಳಿವೆ. ಈಗ ಎಂಜಿನ್-ಎಕ್ಸ್ ಎಂಬ ಇನ್ನೊಂದು ಸರ್ವರ್ ತಂತ್ರಾಂಶಕ್ಕೆ ಹೋಗುತ್ತಿದ್ದೇನೆ. ಆ ಸಾಲುಗಳನ್ನೂ ಒಯ್ಯಬೇಕಾ? ಎಲ್ಲ ಬ್ರೌಸರ್‌ಗೂ ಎಲ್ಲವನ್ನೂ ಕಂಪ್ರೆಸ್ ಮಾಡಿ ಕಳಿಸಿದರೆ ಏನು ತೊಂದರೆ? ಹಳ್ಳಿ ಕಡೆಯ ಓದುಗರು ಪುಟ ತೆರೆಯೋದು ನಿಧಾನ ಅಂತಿದ್ದಾರೆ.

ಉತ್ತರ: ಒಯ್ಯಬೇಡಿ. ಆ ಮೂರು ಸಾಲು ಕಾಯುತ್ತಿರುವ ಗಿರಾಕಿ ಈಗ ಬರುವುದೇ ಇಲ್ಲ.

ಅವು ಹುಟ್ಟಿದ್ದು ನೆಟ್‌ಸ್ಕೇಪ್ 4ರ ಕಾಲದಲ್ಲಿ. ಆ ಬ್ರೌಸರ್ ತನ್ನನ್ನು ‘ಮೊಜಿಲ್ಲಾ 4’ ಎಂದು ಕರೆದುಕೊಂಡು, ‘ನನಗೆ ಜಿಜಿಪ್ (ಕುಗ್ಗಿಸುವ ಒಂದು ವಿಧಾನ) ಗೊತ್ತು’ ಎಂದು ಸರ್ವರ್‌ಗೆ ಹೇಳುತ್ತಿತ್ತು. ಆದರೆ ಎಚ್‌ಟಿಎಂಎಲ್ ಬಿಟ್ಟು ಬೇರೆ ಏನನ್ನಾದರೂ ಕುಗ್ಗಿಸಿ ಕಳಿಸಿದರೆ ಎಡವುತ್ತಿತ್ತು. 4.06ರಿಂದ 4.08ರವರೆಗಿನ ಆವೃತ್ತಿಗಳಿಗೆ ಎಚ್‌ಟಿಎಂಎಲ್ ಕೂಡ ಸರಿಯಾಗಿ ಬಿಚ್ಚಲು ಬರುತ್ತಿರಲಿಲ್ಲ. ಅದಕ್ಕೇ ಮೊದಲ ಎರಡು ಸಾಲು. ಮೂರನೆಯದು ಇನ್ನೂ ತಮಾಷೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ತನ್ನ ಹೆಸರನ್ನು ‘ಮೊಜಿಲ್ಲಾ 4.0, ಕಂಪ್ಯಾಟಿಬಲ್, ಎಂಎಸ್‌ಐಇ’ ಎಂದು ಹೇಳಿಕೊಳ್ಳುತ್ತಿತ್ತು. ನೆಟ್‌ಸ್ಕೇಪ್‌ಗೆ ಒಡ್ಡಿದ ಬಲೆಗೆ ಅದೂ ಬೀಳುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಇನ್ನೊಂದು ಸಾಲು ಬೇಕಾಯಿತು.

ಇವತ್ತು ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಲ್ಲವೂ ತಮ್ಮ ಪರಿಚಯವನ್ನು ‘ಮೊಜಿಲ್ಲಾ 5.0’ ಎಂದೇ ಶುರು ಮಾಡುತ್ತವೆ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಕೊನೆಯ 11ನೇ ಆವೃತ್ತಿಯನ್ನೂ ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ಮನೆಗೆ ಕಳಿಸಿತು. ಎಂಜಿನ್-ಎಕ್ಸ್‌ನಲ್ಲೂ ಇಂಥದ್ದೇ ಒಂದು ಹಳೆಯ ಸಾಲು ಸಿಗುತ್ತದೆ: ‘ಜಿಜಿಪ್ ಡಿಸೇಬಲ್ ಎಂಎಸ್‌ಐಇ6’. ಯಾರದ್ದಾದರೂ ಕಾನ್ಫಿಗ್ ನೋಡಿ ಬರೆದುಕೊಳ್ಳುವಾಗ ಅದೂ ಜೊತೆಗೆ ಬಂದುಬಿಡುತ್ತದೆ. ಅದನ್ನೂ ಬಿಡಿ.

‘ಇದ್ದರೆ ಇರಲಿ, ನಷ್ಟ ಏನು?’ ಅಂತ ಕೇಳಬಹುದು. ಸಾಲು ಸುಮ್ನೆ ಕೂತಿದ್ದರೆ ನಷ್ಟ ಇಲ್ಲ. ಆದರೆ ಅಪಾಚೆಯ ಆ ಹಳೆಯ ಮಾದರಿಯಲ್ಲಿ ಸಾಮಾನ್ಯವಾಗಿ ನಾಲ್ಕನೆಯ ಸಾಲೊಂದು ಇರುತ್ತದೆ: ‘ವೇರಿ: ಯೂಸರ್-ಏಜೆಂಟ್’ ಎಂಬ ಹೆಡರ್ (ಪುಟದ ಜೊತೆ ಹೋಗುವ ಸೂಚನೆಯ ಸಾಲು) ಸೇರಿಸು ಎಂದು. ನಿಮ್ಮ ಫೈಲಿನಲ್ಲೂ ಇದೆಯಾ ನೋಡಿ. ನಿಮಗೂ ಓದುಗರಿಗೂ ನಡುವೆ ಇರುವ ಕ್ಯಾಶ್‌ಗೆ (ಪುಟದ ಪ್ರತಿ ಎತ್ತಿಟ್ಟುಕೊಂಡು ಕೊಡುವ ವ್ಯವಸ್ಥೆಗೆ) ಅದು ‘ಬ್ರೌಸರ್ ಹೆಸರು ಬೇರೆಯಾದರೆ ಪುಟವೂ ಬೇರೆ ಇರಬಹುದು’ ಎಂದು ಹೇಳುತ್ತದೆ. ಬ್ರೌಸರ್ ಯಾವುದು, ಅದರ ಆವೃತ್ತಿ ಎಷ್ಟು, ಯಂತ್ರ ಯಾವ ಬಗೆಯದು, ಕೆಲವು ಬ್ರೌಸರ್‌ಗಳಲ್ಲಿ ಫೋನಿನ ಮಾದರಿ ಕೂಡ ಆ ಹೆಸರಿನೊಳಗೆ ಬಂದಿರುತ್ತವೆ. ಸಾವಿರಾರು ಬಗೆಯ ಹೆಸರು. ಒಂದೇ ಪುಟಕ್ಕೆ ಸಾವಿರಾರು ಪ್ರತಿ ಇಟ್ಟುಕೊಳ್ಳಬೇಕಾದರೆ ಕ್ಯಾಶ್ ಇದ್ದೂ ಇಲ್ಲದ ಹಾಗೆ, ಅಲ್ವಾ? ಹೆಚ್ಚಿನ ಕೋರಿಕೆ ಮತ್ತೆ ನಿಮ್ಮ ಸಣ್ಣ ಸರ್ವರ್ ತಲೆಗೇ ಬರುತ್ತದೆ.

ಹಾಗಾದರೆ ಬ್ರೌಸರ್‌ಗೆ ತಕ್ಕಂತೆ ಕೊಡೋದು ಹೇಗೆ? ಹೋಟೆಲಿನಲ್ಲಿ ಗಿರಾಕಿಯ ಮುಖ ನೋಡಿ ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಬೇಕೋ ಬೇಡವೋ ಅವರೇ ಹೇಳುತ್ತಾರೆ. ಬ್ರೌಸರ್ ಕೂಡ ಪ್ರತಿ ಕೋರಿಕೆಯ ಜೊತೆ ‘ಅಕ್ಸೆಪ್ಟ್-ಎನ್‌ಕೋಡಿಂಗ್’ ಎಂಬ ಹೆಡರ್ ಕಳಿಸುತ್ತದೆ. ನನಗೆ ಬಿಚ್ಚಲು ಬರುವ ಕಂಪ್ರೆಷನ್‌ಗಳು ಇವು ಎಂಬ ಪಟ್ಟಿ ಅದು. ಈಗಿನ ಕ್ರೋಮ್ ಜಿಜಿಪ್, ಡಿಫ್ಲೇಟ್, ಬಿಆರ್, ಝೆಡ್‌ಸ್ಟ್ಯಾಂಡರ್ಡ್ ನಾಲ್ಕನ್ನೂ ಹೇಳುತ್ತದೆ. ಸರ್ವರ್ ತನಗೆ ಬರುವ ಒಂದನ್ನು ಆರಿಸಿ, ‘ಕಂಟೆಂಟ್-ಎನ್‌ಕೋಡಿಂಗ್’ ಹೆಡರ್‌ನಲ್ಲಿ ಯಾವುದೆಂದು ತಿಳಿಸಿ, ಕುಗ್ಗಿಸಿದ ಪುಟ ಕಳಿಸುತ್ತದೆ. ಪಟ್ಟಿಯೇ ಬರದಿದ್ದರೆ ಕುಗ್ಗಿಸದೆ ಹಾಗೇ ಕಳಿಸುತ್ತದೆ. ಬ್ರೌಸರ್ ವಿಷಯದಲ್ಲಿ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಇಷ್ಟೇ.

ಈ ನಾಲ್ಕರಲ್ಲಿ ಜಿಜಿಪ್ ಹಿರಿಯಣ್ಣ. 1992ರದ್ದು. ಅದನ್ನು ಬಿಚ್ಚಲು ಬಾರದ ಬ್ರೌಸರ್ ನಿಮ್ಮ ಸೈಟಿಗೆ ಬರುವುದು ಅಪರೂಪದಲ್ಲಿ ಅಪರೂಪ. ಡಿಫ್ಲೇಟ್ ಎಂಬುದನ್ನು ಮುಟ್ಟಬೇಡಿ. ಒಳಗಿನ ವಿಧಾನ ಜಿಜಿಪ್‌ನದ್ದೇ. ಆದರೆ ಅದರ ಹೊರಗಿನ ಹೊದಿಕೆ ಹೇಗಿರಬೇಕು ಎನ್ನುವುದನ್ನು ಒಂದೊಂದು ಬ್ರೌಸರ್ ಒಂದೊಂದು ರೀತಿ ಅರ್ಥ ಮಾಡಿಕೊಂಡು ಬಹಳ ಗೊಂದಲ ಆಗಿತ್ತು. ಜಿಜಿಪ್ ಇರುವಾಗ ಆ ರಗಳೆ ಯಾಕೆ.

ಬಿಆರ್ ಎಂದರೆ ಬ್ರಾಟ್ಲಿ, ಗೂಗಲ್‌ನವರು ಮಾಡಿದ್ದು. ಸ್ವಿಟ್ಜರ್ಲೆಂಡಿನ ಬನ್ ಒಂದರ ಹೆಸರು ಇಟ್ಟಿದ್ದಾರೆ. 2016ರಲ್ಲಿ ಫೈರ್‌ಫಾಕ್ಸ್ 44 ಮತ್ತು ಕ್ರೋಮ್ 50ಕ್ಕೆ ಬಂತು, 2017ರಲ್ಲಿ ಸಫಾರಿ 11ಕ್ಕೆ. ಪಠ್ಯದ ಮಟ್ಟಿಗೆ ಜಿಜಿಪ್‌ಗಿಂತ ಚಿಕ್ಕದಾಗಿ ಕುಗ್ಗಿಸುತ್ತದೆ. ಒಂದು ಮಾತು ನೆನಪಿರಲಿ: ಬ್ರೌಸರ್‌ಗಳು ಎಚ್‌ಟಿಟಿಪಿಎಸ್ ಇದ್ದಾಗ ಮಾತ್ರ ಬಿಆರ್ ಕೇಳುತ್ತವೆ. ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗದ ಸೈಟ್ ಆದರೆ ಸರ್ವರ್‌ನಲ್ಲಿ ಬ್ರಾಟ್ಲಿ ಹಾಕಿಯೂ ಪ್ರಯೋಜನ ಇಲ್ಲ. ದಾರಿ ಮಧ್ಯದ ಹಳೆಯ ಪ್ರಾಕ್ಸಿಗಳು (ಮಧ್ಯವರ್ತಿ ಸರ್ವರ್‌ಗಳು) ಗೊತ್ತಿಲ್ಲದ ಹೊಸ ಎನ್‌ಕೋಡಿಂಗ್ ಕಂಡರೆ ಪುಟವನ್ನೇ ಕೆಡಿಸಿಬಿಡುತ್ತವೆ ಎಂಬ ಭಯ ಅದಕ್ಕೆ ಕಾರಣ.

ಝೆಡ್‌ಸ್ಟ್ಯಾಂಡರ್ಡ್ ಫೇಸ್‌ಬುಕ್‌ನಲ್ಲಿ ಹುಟ್ಟಿದ್ದು. ತುಂಬ ವೇಗ. ಕ್ರೋಮ್ 123 ಮತ್ತು ಫೈರ್‌ಫಾಕ್ಸ್ 126ಕ್ಕೆ ಬಂದದ್ದು 2024ರಲ್ಲಿ. ನಿಮ್ಮ ಗಾತ್ರದ ಸೈಟಿಗೆ ಈಗಲೇ ಬೇಕಿಲ್ಲ.

ಹಳ್ಳಿಯ ಓದುಗರಲ್ಲಿ ಕೆಲವರ ಕೈಯಲ್ಲಿ ಇನ್ನೂ ಹಳೆಯ ಬಟನ್ ಫೋನ್ ಇರುತ್ತದೆ. ಅವರಿಗೆ ಬ್ರಾಟ್ಲಿ ಕಳಿಸಿದರೆ ಪುಟವೇ ಬಾರದೇನೋ ಎಂದು ಹಿಂಜರಿಯಬೇಡಿ. ಬಾರದ ಬ್ರೌಸರ್ ತನ್ನ ಪಟ್ಟಿಯಲ್ಲಿ ಅದನ್ನು ಹೇಳುವುದೇ ಇಲ್ಲ. ಸರ್ವರ್ ಜಿಜಿಪ್ ಕೊಡುತ್ತದೆ, ಅದೂ ಇಲ್ಲದಿದ್ದರೆ ಬರೀ ಪುಟ. ನೀವು ಯಾವ ಫೋನಿನ ಹೆಸರನ್ನೂ ಕಾನ್ಫಿಗ್‌ನಲ್ಲಿ ಬರೆಯಬೇಕಾಗಿಲ್ಲ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಯಾವುದನ್ನು ಕುಗ್ಗಿಸಬೇಕು?

ಕಂಪ್ರೆಷನ್ ಬದುಕುವುದು ಪುನರಾವರ್ತನೆಯ ಮೇಲೆ. ಬಂದದ್ದೇ ಮತ್ತೆ ಬಂದರೆ ಎರಡನೇ ಸಲ ಪೂರ್ತಿ ಬರೆಯದೆ ‘ಇಷ್ಟು ಹಿಂದೆ ಹೋಗಿ ಇಷ್ಟು ಉದ್ದ ತೆಗೆದುಕೋ’ ಎಂದು ಬರೆಯುತ್ತದೆ. ಈ ಲೆಕ್ಕದಲ್ಲಿ ಕನ್ನಡದ ಪುಟದಷ್ಟು ಲಾಭ ಕೊಡುವ ಸರಕು ಕಡಿಮೆ. ಹೇಗೆ ಅಂತ ಬಿಡಿಸಿ ನೋಡೋಣ.

ಅಕ್ಷರಗಳನ್ನು ಕಂಪ್ಯೂಟರ್ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ಗುಣಿತ, ಒತ್ತಿನ ಮೊದಲು ಬರುವ ಹಲಂತ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ) ಎಲ್ಲವೂ ಬೇರೆ ಬೇರೆ ಲೆಕ್ಕ. ‘ಕನ್ನಡ’ ಎಂದು ಬರೆದರೆ ಕಣ್ಣಿಗೆ 3 ಅಕ್ಷರ. ಕಂಪ್ಯೂಟರಿಗೆ ಕ, ನ, ಹಲಂತ, ನ, ಡ ಎಂಬ 5 ಚಿಹ್ನೆ, ಅಂದರೆ 15 ಬೈಟ್. ಆ ಮೂರು ಬೈಟ್‌ಗಳಲ್ಲಿ ಮೊದಲನೆಯದು ಕನ್ನಡದ ಎಲ್ಲ ಚಿಹ್ನೆಗೂ ಒಂದೇ. ಎರಡನೆಯದಕ್ಕೆ ಇರುವುದು ಎರಡೇ ಸಾಧ್ಯತೆ. ನಿಜವಾಗಿ ಬದಲಾಗುವುದು ಮೂರನೆಯದು. ಮೂರರಲ್ಲಿ ಎರಡು ಬೈಟ್ ಹೆಚ್ಚುಕಡಿಮೆ ಹೊಟ್ಟು. ಕಂಪ್ರೆಷನ್ ಇದನ್ನು ತೂರಿ ಬಿಸಾಕುತ್ತದೆ.

ಇನ್ನು ನಮ್ಮ ಪ್ರತ್ಯಯಗಳು. ‘ಮಾಡುತ್ತಾರೆ’ ಎಂದು ಒಂದು ಕಡೆ ಬರೆದಿದ್ದೀರಿ, ಸ್ವಲ್ಪ ಮುಂದೆ ‘ನೋಡುತ್ತಾರೆ’. ಎರಡರಲ್ಲೂ ‘ಡುತ್ತಾರೆ’ ಇದೆ. 8 ಚಿಹ್ನೆ, 24 ಬೈಟ್. ಎರಡನೇ ಸಲ ಆ 24 ಬೈಟ್ ಹೋಗಿ ಒಂದು ಚಿಕ್ಕ ಗುರುತು ಉಳಿಯುತ್ತದೆ. ‘ಗಳನ್ನು’, ‘ಗಳಲ್ಲಿ’, ‘ಯಾಗಿದೆ’ ಇವೆಲ್ಲ ಒಂದು ಲೇಖನದಲ್ಲಿ ಎಷ್ಟು ಸಲ ಬರುತ್ತವೆ ಎಣಿಸಿ ನೋಡಿ. ಇಂಗ್ಲಿಷ್ ಸೈಟಿನವರಿಗಿಂತ ಕಂಪ್ರೆಷನ್ ಆನ್ ಮಾಡುವ ಆತುರ ನಮಗೇ ಜಾಸ್ತಿ ಇರಬೇಕು.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಜಿಜಿಪ್ ಹಿಂದಕ್ಕೆ ನೋಡುವುದು 32 ಕೆಬಿವರೆಗೆ ಮಾತ್ರ. ಇಂಗ್ಲಿಷಿಗೆ ಅದು 32 ಸಾವಿರ ಅಕ್ಷರ. ಕನ್ನಡಕ್ಕೆ ಸುಮಾರು 10,900 ಚಿಹ್ನೆ ಅಷ್ಟೇ. ಉದ್ದ ಕಥೆಯ ಕೊನೆಗೆ ಬರುವಾಗ ಅದಕ್ಕೆ ಶುರು ಮರೆತಿರುತ್ತದೆ. ಬ್ರಾಟ್ಲಿ ಬೇಕಾದರೆ 16 ಎಂಬಿವರೆಗೆ ಹಿಂದೆ ನೋಡಬಲ್ಲದು. ಬ್ರಾಟ್ಲಿ ಜೊತೆ 122,784 ಬೈಟ್‌ಗಳ ಒಂದು ಸಿದ್ಧ ನಿಘಂಟೂ ಬರುತ್ತದೆ. ಇಂಗ್ಲಿಷ್, ಸ್ಪ್ಯಾನಿಷ್, ಚೀನಿ, ಹಿಂದಿ, ರಷ್ಯನ್, ಅರೇಬಿಕ್ ಪದಗಳು, ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್‌ನ ತುಣುಕುಗಳು ಅದರಲ್ಲಿವೆ. ಕನ್ನಡ ಇಲ್ಲ. ಹಾಗಾಗಿ ನಿಘಂಟಿನ ಲಾಭ ನಮಗೆ ಪುಟದ ಟ್ಯಾಗ್‌ಗಳ ಮಟ್ಟಿಗೆ ಸಿಗುತ್ತದೆ, ಮಾತಿನ ಮಟ್ಟಿಗೆ ಇಲ್ಲ. ಬೇಜಾರಿನ ಸಂಗತಿ. ಆದರೂ ಅಷ್ಟು ಹಿಂದಕ್ಕೆ ನೋಡಬಲ್ಲದು ಎಂಬ ಕಾರಣಕ್ಕೆ ಬ್ರಾಟ್ಲಿಯೇ ವಾಸಿ.

ಹಳ್ಳಿಯ ನೆಟ್‌ವರ್ಕಿಗೆ ಇದರಿಂದ ಏನು ಉಪಕಾರ? ಸರ್ವರ್ ಒಂದೇ ಸಲಕ್ಕೆ ಎಲ್ಲವನ್ನೂ ಸುರಿಯುವುದಿಲ್ಲ. ಹೊಸ ಕನೆಕ್ಷನ್‌ನಲ್ಲಿ ಸಾಮಾನ್ಯವಾಗಿ ಮೊದಲು 10 ಪ್ಯಾಕೆಟ್, ಅಂದರೆ ಸುಮಾರು 14 ಕೆಬಿ ಕಳಿಸಿ ‘ಮುಟ್ಟಿತಾ?’ ಎಂದು ಕಾಯುತ್ತದೆ. ಮುಟ್ಟಿದರೆ ಮುಂದಿನ ಸಲ ಅದರ ಎರಡರಷ್ಟು. 56 ಕೆಬಿ ಪುಟಕ್ಕೆ ಹೀಗೆ ಮೂರು ಸುತ್ತು ಬೇಕು. ಅದೇ ಪುಟ ಕಾಲುಭಾಗಕ್ಕೆ ಇಳಿದರೆ ಒಂದೇ ಸುತ್ತಿನಲ್ಲಿ ಮುಗಿಯಿತು. ಸಿಗ್ನಲ್ ಒಂದು ಕಡ್ಡಿ ಇರುವ ಕಡೆ ಪ್ರತಿ ಸುತ್ತೂ ಕಾಯಿಸುತ್ತದೆ.

ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಜೆಸನ್, ಎಕ್ಸ್‌ಎಂಎಲ್, ಆರ್‌ಎಸ್‌ಎಸ್ ಫೀಡ್, ಬರೀ ಪಠ್ಯ, ಸಿಎಸ್‌ವಿ, ಎಸ್‌ವಿಜಿ ಚಿತ್ರ ಇವನ್ನೆಲ್ಲ ಕುಗ್ಗಿಸಿ. ಎಸ್‌ವಿಜಿಯನ್ನು ಚಿತ್ರ ಅಂತ ತಿಳಿದು ಬಿಡುವವರೇ ಹೆಚ್ಚು. ಒಳಗೆ ಅದು ಅಪ್ಪಟ ಪಠ್ಯ.

ಜೆಪೆಗ್, ಪಿಎನ್‌ಜಿ, ವೆಬ್‌ಪಿ, ಎಂಪಿ3, ಎಂಪಿ4, ಜಿಪ್ ಇವನ್ನು ಮುಟ್ಟಬೇಡಿ. ಇವು ಈಗಾಗಲೇ ಹಿಂಡಿದ ಕಬ್ಬು, ಮತ್ತೆ ಗಾಣಕ್ಕೆ ಕೊಟ್ಟರೆ ರಸ ಬರೋದಿಲ್ಲ. ಸಿಪಿಯು ಸುಮ್ನೆ ಬಿಸಿಯಾಗುತ್ತದೆ. ಕೆಲವೊಮ್ಮೆ ಫೈಲ್ ನಾಲ್ಕು ಬೈಟ್ ದೊಡ್ಡದೇ ಆಗುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಬೇಗ ಬೀಳುವುದಿಲ್ಲ: ಓದುಗ ಕೇಳಿದಾಗ ಆಗಲೇ ಕುಗ್ಗಿಸಿ ಕಳಿಸುವಾಗ ಎಂಜಿನ್-ಎಕ್ಸ್ ‘ನಡುವಿನ ತುಂಡು ಕೊಡು’ ಎಂಬ ಸೌಲಭ್ಯವನ್ನು ಕೈಬಿಡುತ್ತದೆ. ವಿಡಿಯೊ ಮುಂದಕ್ಕೆ ಎಳೆದಾಗ, ಅರ್ಧಕ್ಕೆ ನಿಂತ ಡೌನ್‌ಲೋಡ್ ಮುಂದುವರಿಸುವಾಗ ಬೇಕಾಗುವುದೇ ಅದು. ‘ಎಲ್ಲವನ್ನೂ ಕಂಪ್ರೆಸ್ ಮಾಡಿದರೆ ಏನು ತೊಂದರೆ’ ಎಂದು ಕೇಳಿದ್ದಿರಲ್ಲ, ಇದೇ ತೊಂದರೆ. ಪಿಡಿಎಫ್ ಕೂಡ ಸಾಮಾನ್ಯವಾಗಿ ಒಳಗೇ ಕುಗ್ಗಿಸಿರುತ್ತದೆ, ಬಿಟ್ಟುಬಿಡಿ.

ಫಾಂಟ್ ವಿಷಯ ಸ್ವಲ್ಪ ನಿಲ್ಲಿಸಿ ಹೇಳಬೇಕು. ಕನ್ನಡ ಫಾಂಟಿನಲ್ಲಿ ಒತ್ತಕ್ಷರ, ಗುಣಿತಗಳ ರೂಪಗಳೆಲ್ಲ ಸೇರಿ ಗ್ಲಿಫ್‌ಗಳ (ಅಕ್ಷರದ ಆಕಾರಗಳ) ಸಂಖ್ಯೆ ದೊಡ್ಡದು. ನಿಮ್ಮ ಸೈಟಿನಲ್ಲಿ ಟಿಟಿಎಫ್ ಫೈಲನ್ನೇ ನೇರ ಹಾಕಿದ್ದರೆ ಅದನ್ನು ಕುಗ್ಗಿಸಲೇಬೇಕು, ಚೆನ್ನಾಗಿ ಕುಗ್ಗುತ್ತದೆ. ಅದಕ್ಕಿಂತ ಒಳ್ಳೆಯದು ವೋಫ್2ಗೆ ಬದಲಾಯಿಸುವುದು. ವೋಫ್2ರ ಹೊಟ್ಟೆಯಲ್ಲಿ ಇರುವುದೇ ಬ್ರಾಟ್ಲಿ. ಬದಲಾಯಿಸಿದ ಮೇಲೆ ಸರ್ವರ್ ಅದನ್ನು ಮತ್ತೆ ಕುಗ್ಗಿಸಬಾರದು. ಕುಗ್ಗಿಸುವ ಪಟ್ಟಿಯಲ್ಲಿ ಟಿಟಿಎಫ್ ಇರಲಿ, ವೋಫ್2 ಬೇಡ.

ತೀರಾ ಸಣ್ಣ ಫೈಲ್‌ಗಳನ್ನೂ ಬಿಡಿ. ಜಿಜಿಪ್‌ನ ತಲೆಬರಹ, ಬಾಲ ಸೇರಿ 18 ಬೈಟ್ ಆಗುತ್ತದೆ. 60 ಬೈಟಿನ ಜೆಸನ್ ಉತ್ತರ ಕುಗ್ಗಿಸಲು ಹೋದರೆ ಉಬ್ಬಿ ಬರಬಹುದು. ಎಂಜಿನ್-ಎಕ್ಸ್‌ನ ಕನಿಷ್ಠ ಮಿತಿ ಮೊದಲಿಗೆ 20 ಬೈಟ್ ಇರುತ್ತದೆ. ಅದನ್ನು 1000ಕ್ಕೆ ಏರಿಸಿ. ಅದಕ್ಕಿಂತ ಚಿಕ್ಕದು ಹೇಗೂ ಒಂದೇ ಪ್ಯಾಕೆಟ್‌ನಲ್ಲಿ ಹೋಗುತ್ತದೆ.

ಎಂಜಿನ್-ಎಕ್ಸ್‌ಗೆ ಹೋಗುವವರು ಹೆಚ್ಚಾಗಿ ಎಡವುವ ಜಾಗಗಳು ಇವು. ಏನೂ ಹೇಳದಿದ್ದರೆ ಅದರಲ್ಲಿ ಜಿಜಿಪ್ ಆಫ್. ಆನ್ ಮಾಡಿದರೂ ಕುಗ್ಗುವುದು ಎಚ್‌ಟಿಎಂಎಲ್ ಒಂದೇ. ಉಳಿದ ಬಗೆಗಳನ್ನು ‘ಜಿಜಿಪ್ ಟೈಪ್ಸ್’ ಸಾಲಿನಲ್ಲಿ ಒಂದೊಂದಾಗಿ ನೀವೇ ಬರೆಯಬೇಕು. ಸರ್ವರ್ ಫೈಲಿನ ಬಾಲದ ಹೆಸರು ನೋಡುವುದಿಲ್ಲ, ಕಂಟೆಂಟ್-ಟೈಪ್ (ಫೈಲ್ ಯಾವ ಬಗೆಯದು ಎಂದು ಹೇಳುವ ಹೆಡರ್) ನೋಡುತ್ತದೆ. ಜಾವಾಸ್ಕ್ರಿಪ್ಟ್‌ಗೆ ಎರಡು ಹೆಸರು ಓಡಾಡುತ್ತಿವೆ, ‘ಅಪ್ಲಿಕೇಶನ್/ಜಾವಾಸ್ಕ್ರಿಪ್ಟ್’ ಮತ್ತು ‘ಟೆಕ್ಸ್ಟ್/ಜಾವಾಸ್ಕ್ರಿಪ್ಟ್’. 2022ರಿಂದ ಎರಡನೆಯದೇ ಅಧಿಕೃತ. ಪಟ್ಟಿಯಲ್ಲಿ ಒಂದಿದ್ದು ಸರ್ವರ್ ಇನ್ನೊಂದು ಹೆಸರಿನಲ್ಲಿ ಕಳಿಸಿದರೆ, ಪುಟದ ದೊಡ್ಡ ಸ್ಕ್ರಿಪ್ಟ್ ಕುಗ್ಗದೇ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎರಡನ್ನೂ ಬರೆಯಿರಿ.

ಎಷ್ಟು ಬಿಗಿಯಾಗಿ ಕುಗ್ಗಿಸಬೇಕು ಎಂಬ ಮಟ್ಟದ ವಿಷಯ. ಜಿಜಿಪ್‌ಗೆ 1ರಿಂದ 9. ಎಂಜಿನ್-ಎಕ್ಸ್ ತಾನಾಗಿ 1 ಇಟ್ಟುಕೊಂಡಿರುತ್ತದೆ. 5 ಅಥವಾ 6 ಸಾಕು. ಅಲ್ಲಿಂದ ಮೇಲೆ ಹೋದರೆ ಬೆವರು ಜಾಸ್ತಿ, ಬೆಳೆ ಕಮ್ಮಿ. ಬ್ರಾಟ್ಲಿಗೆ 0ಯಿಂದ 11. ಓದುಗ ಕೇಳಿದಾಗ ಆಗಲೇ ಕುಗ್ಗಿಸುವುದಾದರೆ 4 ಅಥವಾ 5 ಇಡಿ. 11 ಬಹಳ ನಿಧಾನ. ಆದರೆ ಸಿಎಸ್‌ಎಸ್, ಸ್ಕ್ರಿಪ್ಟ್ ದಿನಾ ಬದಲಾಗುವುದಿಲ್ಲವಲ್ಲ? ಅವನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಒಮ್ಮೆ 11ರಲ್ಲಿ ಕುಗ್ಗಿಸಿ, ಮೂಲ ಫೈಲಿನ ಪಕ್ಕದಲ್ಲೇ ಇಟ್ಟುಬಿಡಿ. ಜಿಜಿಪ್ ಪ್ರತಿಯನ್ನೂ ಹಾಗೇ ಇಡಿ. ‘ಜಿಜಿಪ್ ಸ್ಟ್ಯಾಟಿಕ್’ ಆನ್ ಇದ್ದರೆ ಸರ್ವರ್ ಸಿದ್ಧ ಜಿಜಿಪ್ ಪ್ರತಿಯನ್ನೇ ಎತ್ತಿ ಕೊಡುತ್ತದೆ, ಸಿಪಿಯು ಮುಟ್ಟುವುದಿಲ್ಲ. ನಿಮ್ಮ ಸಣ್ಣ ಸರ್ವರ್‌ಗೆ ಇದು ವರ. ಬ್ರಾಟ್ಲಿ ಎಂಜಿನ್-ಎಕ್ಸ್‌ನ ಜೊತೆಗೇ ಬರುವುದಿಲ್ಲ, ಬೇರೆ ಮಾಡ್ಯೂಲ್ ಹಾಕಿಕೊಳ್ಳಬೇಕು. ಅಪಾಚೆಯಲ್ಲೇ ಉಳಿಯುವ ಮನಸ್ಸಾದರೆ 2.4.26ರಿಂದ ಅದರಲ್ಲೇ ಇದೆ.

ಇನ್ನು ‘ವೇರಿ: ಅಕ್ಸೆಪ್ಟ್-ಎನ್‌ಕೋಡಿಂಗ್’. ಯೂಸರ್-ಏಜೆಂಟ್ ಹೆಸರಿನ ವೇರಿ ಬೇಡ ಎಂದೆ. ಈ ವೇರಿ ಬೇಕೇ ಬೇಕು. ಎಂಜಿನ್-ಎಕ್ಸ್‌ನಲ್ಲಿ ‘ಜಿಜಿಪ್ ವೇರಿ’ ಕೂಡ ಮೊದಲಿಗೆ ಆಫ್. ಇದರ ಪಾಠ ನಾನು ಕಲಿತದ್ದು ಮುಖಭಂಗ ಮಾಡಿಕೊಂಡು. ಒಂದು ಕಚೇರಿಯ ಸೈಟ್ ನೋಡಿಕೊಳ್ಳುತ್ತಿದ್ದಾಗ ಜಿಜಿಪ್ ಆನ್ ಮಾಡಿ, ಈ ಒಂದು ಸಾಲು ಮರೆತು ಮನೆಗೆ ಹೋದೆ. ಬೆಳಿಗ್ಗೆ ಫೋನು. ‘ಸರ್, ನಮ್ಮ ರಿಪೋರ್ಟ್ ತಂತ್ರಾಂಶಕ್ಕೆ ಪುಟದ ಬದಲು ಏನೇನೋ ಚಿತ್ತಾರ ಬರ್ತಿದೆ.’ ನನ್ನ ಬ್ರೌಸರ್‌ನಲ್ಲಿ ಎಲ್ಲ ಸರಿ ಇತ್ತು. ಅರ್ಧ ದಿನ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಇಷ್ಟು: ಯಾರದೋ ಬ್ರೌಸರ್ ಕೇಳಿ ಪಡೆದ ಜಿಜಿಪ್ ಪ್ರತಿಯನ್ನು ನಡುವಿನ ಕ್ಯಾಶ್ ಎತ್ತಿಟ್ಟುಕೊಂಡಿತ್ತು. ಕಂಪ್ರೆಷನ್ ಕೇಳದೇ ಇದ್ದ ಆ ತಂತ್ರಾಂಶಕ್ಕೂ ಅದನ್ನೇ ಬಡಿಸುತ್ತಿತ್ತು. ಕ್ಯಾಶ್‌ನದ್ದೇನೂ ತಪ್ಪಿಲ್ಲ. ಕೇಳಿದ ಎನ್‌ಕೋಡಿಂಗ್‌ಗೆ ತಕ್ಕಂತೆ ಪ್ರತಿ ಬೇರೆ ಬೇರೆ ಎಂದು ನಾನು ಅದಕ್ಕೆ ಹೇಳಿರಲೇ ಇಲ್ಲ.

ಸರ್ವರ್‌ನ ಎದುರಿಗೆ ಸಿಡಿಎನ್ (ಪುಟದ ಪ್ರತಿಗಳನ್ನು ಓದುಗರ ಹತ್ತಿರ ಇಟ್ಟು ಕೊಡುವ ಸೇವೆ) ಹಾಕಿಕೊಂಡಿದ್ದರೆ ‘ಜಿಜಿಪ್ ಪ್ರಾಕ್ಸೀಡ್’ ಸಾಲನ್ನೂ ನೋಡಿ. ಪ್ರಾಕ್ಸಿ ಮೂಲಕ ಬಂದ ಗುರುತಿರುವ ಕೋರಿಕೆಗಳಿಗೆ ಎಂಜಿನ್-ಎಕ್ಸ್ ತಾನಾಗಿ ಕುಗ್ಗಿಸುವುದಿಲ್ಲ. ಹೇಳಬೇಕು.

ಲಾಗಿನ್ ಇರುವ ಪುಟಗಳಿದ್ದರೆ ಒಂದು ಎಚ್ಚರಿಕೆ. 2013ರಲ್ಲಿ ಬ್ರೀಚ್ ಎಂಬ ದಾಳಿಯನ್ನು ತೋರಿಸಿಕೊಟ್ಟರು. ಪುಟದಲ್ಲಿ ಗುಟ್ಟಿನ ಟೋಕನ್ (ಗುರುತಿನ ಸಂಕೇತ) ಒಂದಿದ್ದು, ಹೊರಗಿನವರು ಕಳಿಸಿದ ಪದವೂ ಅದೇ ಪುಟದಲ್ಲಿ ಮೂಡುವಂತಿದ್ದರೆ, ಕುಗ್ಗಿದ ಗಾತ್ರದ ಏರಿಳಿತ ನೋಡಿಯೇ ಟೋಕನ್ ಊಹಿಸಬಹುದು. ಊಹೆ ಸರಿಯಾದಾಗ ಪುನರಾವರ್ತನೆ ಹೆಚ್ಚಿ ಪುಟ ಒಂದಿಷ್ಟು ಚಿಕ್ಕದಾಗುತ್ತದೆ, ಅದೇ ಸುಳಿವು. ಕಥೆ, ಅಡುಗೆ ಪುಟಗಳಿಗೆ ಇದರ ಚಿಂತೆ ಇಲ್ಲ. ಅಡ್ಮಿನ್ ವಿಭಾಗಕ್ಕೆ ಕಂಪ್ರೆಷನ್ ಆಫ್ ಮಾಡಿಬಿಡಿ. ಅಲ್ಲಿಗೆ ಹೋಗುವವರು ನೀವೊಬ್ಬರೇ ತಾನೇ.

ಎಲ್ಲ ಆದ ಮೇಲೆ ಪರೀಕ್ಷೆ. ಕರ್ಲ್ (ಕಮಾಂಡ್ ಕೊಟ್ಟು ಪುಟ ತರಿಸುವ ಸಾಧನ) ಬಳಸಿ ನೋಡಿ ‘ಕಂಪ್ರೆಸ್ ಆಗ್ತಾನೇ ಇಲ್ಲ’ ಎಂದು ಗಾಬರಿ ಬೀಳುವವರನ್ನು ಬಹಳ ನೋಡಿದ್ದೇನೆ. ಕರ್ಲ್ ತಾನಾಗಿ ಅಕ್ಸೆಪ್ಟ್-ಎನ್‌ಕೋಡಿಂಗ್ ಕಳಿಸುವುದಿಲ್ಲ. ಕೇಳದಿದ್ದರೆ ಸರ್ವರ್ ಯಾಕೆ ಕೊಡುತ್ತದೆ? ‘ಕಂಪ್ರೆಸ್ಡ್’ ಎಂಬ ಆಯ್ಕೆ ಸೇರಿಸಿ. ಇನ್ನೂ ಸುಲಭದ ದಾರಿ ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆಯುವುದು. ಪ್ರತಿ ಫೈಲಿಗೂ ದಾರಿಯಲ್ಲಿ ಬಂದ ಗಾತ್ರ, ಬಿಚ್ಚಿದ ಮೇಲಿನ ಗಾತ್ರ ಎರಡೂ ಅಲ್ಲಿ ಸಿಗುತ್ತವೆ. ಪಠ್ಯದ ಫೈಲುಗಳಲ್ಲಿ ಇವೆರಡೂ ಹತ್ತಿರ ಹತ್ತಿರ ಇದ್ದರೆ ಆ ಬಗೆ ನಿಮ್ಮ ಪಟ್ಟಿಯಿಂದ ಬಿಟ್ಟುಹೋಗಿದೆ ಎಂದರ್ಥ.

ಅದೇ ಟ್ಯಾಬ್‌ನಲ್ಲಿ ಗಾತ್ರದ ಪ್ರಕಾರ ಜೋಡಿಸಿ ಮೇಲಿನ ಐದು ಸಾಲು ನೋಡಿ. ಅಡುಗೆ ಸೈಟ್ ಅಂದಿರಿ, ಹಾಗಾಗಿ ಕೇಳುತ್ತಿದ್ದೇನೆ. ಕ್ಯಾಮೆರಾದಿಂದ ತೆಗೆದ ಹೋಳಿಗೆ ಫೋಟೊವನ್ನು ಚಿಕ್ಕದು ಮಾಡದೇ 4 ಎಂಬಿಯ ಜೆಪೆಗ್ ಆಗಿ ಹಾಗೇ ಏರಿಸಿದ್ದೀರಾ? ಹಾಗಿದ್ದರೆ ಓದುಗರ ದೂರಿಗೆ ಕಾರಣ ಅದೇ. ಜಿಜಿಪ್, ಬ್ರಾಟ್ಲಿ ಯಾವುದೂ ಅದನ್ನು ಒಂದು ಚೂರೂ ಇಳಿಸೋದಿಲ್ಲ. ಫೋಟೊವನ್ನು ಮೊಬೈಲ್ ಪರದೆಯ ಅಗಲಕ್ಕೆ ಇಳಿಸಿ, ವೆಬ್‌ಪಿ ಮಾಡಿ ಹಾಕಿ. ಈ ಭಾನುವಾರ ಮೊದಲು ಆ ಕೆಲಸ ಮುಗಿಸಿ, ಕಾನ್ಫಿಗ್ ಆಮೇಲೆ ನೋಡಿದರಾಯಿತು.